‘ಹುಲಿ ಖಚಿತ’ ಎಂದವರಿಗೆ ಕೇಳಬೇಕಾದ ಪ್ರಶ್ನೆ

ಕುಷ್ಟಗಿಯ ಒಂದು ಮನೆ. ರಾತ್ರಿ ಊಟ ಮುಗಿದಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಕುಳಿತ ಮಗಳು, ಬಜಾರಿನಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ತಂದೆ, ಇಬ್ಬರ ನಡುವೆ ಒಂದು ಬಣ್ಣದ ಕರಪತ್ರ. ಕರಪತ್ರದ ತುಂಬ ಹುಲಿಯ ಮುಖ. ದಕ್ಷಿಣದ ಕಾಡಿನಲ್ಲಿ ಮೂರು ದಿನದ ವಾಸ್ತವ್ಯ, ನಾಲ್ಕು ಸಫಾರಿ, ಜೊತೆಗೆ ನುರಿತ ವನ್ಯಜೀವಿ ಛಾಯಾಗ್ರಾಹಕರ ಮಾರ್ಗದರ್ಶನ. ತಲೆಗೆ ಇಪ್ಪತ್ತೆರಡು ಸಾವಿರ ರೂಪಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಹುಲಿ ದರ್ಶನ ಖಚಿತ’ ಎಂದು ಅಚ್ಚಾಗಿದೆ.

“ಅಪ್ಪಾ, ಹುಲಿ ಕಂಡೇ ಕಾಣ್ತೈತಂತ. ಬರದಾರ ನೋಡು.”

“ರೊಕ್ಕ ಎಷ್ಟು ಅಂತನೂ ಬರದಾರವ್ವಾ. ಅದನ್ನ ನೋಡಿದಿ ಏನು?”

ಮಗಳಿಗೆ ಸೋದರಮಾವ ತನ್ನ ಹಳೆಯ ಕ್ಯಾಮೆರಾವನ್ನೂ 300 ಮಿಲಿಮೀಟರಿನ ಒಂದು ಲೆನ್ಸನ್ನೂ ಕೊಟ್ಟಿದ್ದಾನೆ. ಮನೆಯ ಹಿತ್ತಲಿನ ಬೇವಿನ ಮರದಲ್ಲಿ ಕೂರುವ ಹಕ್ಕಿಗಳನ್ನೆಲ್ಲ ಅವಳು ಹಿಡಿದಿಟ್ಟಿದ್ದಾಳೆ. ಮುಂದೆ ಪ್ರಾಣಿಶಾಸ್ತ್ರ ಓದುವ ಆಸೆ. ತಂದೆಗೆ ಮಗಳ ಆಸೆಯ ಬಗ್ಗೆ ತಕರಾರಿಲ್ಲ. ಆದರೆ ಇಪ್ಪತ್ತೆರಡು ಸಾವಿರ ಎಂದರೆ ಅಂಗಡಿಯ ಎರಡು ತಿಂಗಳ ಬಾಡಿಗೆ.

ಕೊಪ್ಪಳ, ಗಂಗಾವತಿ, ಯಲಬುರ್ಗಾಗಳಲ್ಲೂ ಇಂಥ ಮಾತುಕತೆ ಈಗ ಹೊಸತಲ್ಲ. ಕ್ಯಾಮೆರಾ ಕೈಗೆಟುಕುವಂತಾಗಿದೆ, ಮೊಬೈಲಿನಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಹುಡುಗ ಹುಡುಗಿಯರಿಗೆ ಕಾಡಿನ ಹುಚ್ಚು ಹತ್ತಿದೆ. ಇದು ಒಳ್ಳೆಯ ಹುಚ್ಚು. ಆದರೆ ಇಂಥ ಪ್ರವಾಸವನ್ನು ಆರಿಸುವಾಗ ಮಕ್ಕಳು ಕೇಳುವ ಪ್ರಶ್ನೆ ‘ಏನು ಕಾಣುತ್ತದೆ?’, ಪಾಲಕರು ಕೇಳುವ ಪ್ರಶ್ನೆ ‘ಎಷ್ಟಾಗುತ್ತದೆ?’. ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಅದು ಕರಪತ್ರದಲ್ಲಿ ಇರುವುದಿಲ್ಲ.

ಖಚಿತ ಎಂಬುದರ ಲೆಕ್ಕ

ಮೊದಲು ‘ಖಚಿತ’ ಎಂಬ ಮಾತನ್ನೇ ಪರೀಕ್ಷಿಸಬಹುದು. 2022ರ ಹುಲಿ ಗಣತಿಯ ಪ್ರಕಾರ ದೇಶದಲ್ಲಿರುವ ಹುಲಿಗಳ ಸರಾಸರಿ ಅಂದಾಜು 3,682. ಅದರಲ್ಲಿ ಕರ್ನಾಟಕದ ಪಾಲು 563. ಬಂಡೀಪುರ ಒಂದೇ ಸುಮಾರು 900 ಚದರ ಕಿಲೋಮೀಟರ್ ವಿಸ್ತಾರದ ಕಾಡು. ಸಫಾರಿ ವಾಹನಗಳು ಓಡಾಡುವುದು ಅದರ ಒಂದು ಸಣ್ಣ ಭಾಗದಲ್ಲಿ, ಅದೂ ಬೆಳಿಗ್ಗೆ ಮತ್ತು ಸಂಜೆ ಕೆಲವೇ ತಾಸು. ಲಂಟಾನ ಪೊದೆಯ ಹಿಂದೆ ಇಪ್ಪತ್ತು ಅಡಿ ದೂರದಲ್ಲಿ ಹುಲಿ ಮಲಗಿದ್ದರೂ ವಾಹನ ಮುಂದೆ ಹೋಗಿಬಿಡುತ್ತದೆ.

ಲೆಕ್ಕಕ್ಕೆಂದು, ಒಂದು ಸಫಾರಿಯಲ್ಲಿ ಹುಲಿ ಕಾಣುವ ಸಾಧ್ಯತೆ ಮೂರರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ. ಹಾಗಾದರೆ ಕಾಣದಿರುವ ಸಾಧ್ಯತೆ ಮೂರರಲ್ಲಿ ಎರಡು. ನಾಲ್ಕು ಸಫಾರಿಯಲ್ಲೂ ಕಾಣದಿರುವ ಸಾಧ್ಯತೆ ಮೂರನೇ ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 81ರಲ್ಲಿ 16. ಶೇಕಡಾ 20ರ ಹತ್ತಿರ. ಇಷ್ಟು ಉದಾರವಾಗಿ ಲೆಕ್ಕ ಹಿಡಿದರೂ ಐದು ಜನರಲ್ಲಿ ಒಬ್ಬರು ಹುಲಿ ಕಾಣದೆ ಮನೆಗೆ ಬರುತ್ತಾರೆ. ಪಿಯುಸಿ ವಿದ್ಯಾರ್ಥಿ ಮಾಡಬಲ್ಲ ಈ ಗುಣಾಕಾರ ಕರಪತ್ರ ಬರೆದವರಿಗೆ ಗೊತ್ತಿಲ್ಲವೆಂದಲ್ಲ.

ಖಚಿತವಲ್ಲದ್ದನ್ನು ಖಚಿತ ಮಾಡಲು ಹೊರಟಾಗ ಕಾಡಿನಲ್ಲಿ ಏನಾಗುತ್ತದೆ ಎಂಬುದು ನಿಜವಾದ ಚಿಂತೆ. ಒಂದು ವಾಹನಕ್ಕೆ ಹುಲಿ ಕಂಡರೆ ಸುದ್ದಿ ಹರಡಿ ಹತ್ತು ವಾಹನ ಸೇರುತ್ತವೆ. ದಾರಿ ದಾಟಬೇಕಾದ ಪ್ರಾಣಿ ಅತ್ತಿತ್ತ ನೋಡಿ ಹಿಂದೆ ಸರಿಯುತ್ತದೆ. ನೀರಿಗೆ ಬಂದದ್ದು ನೀರು ಕುಡಿಯದೆ ಹೋಗುತ್ತದೆ. ಚಿತ್ರದಲ್ಲಿ ಇದು ಯಾವುದೂ ಕಾಣುವುದಿಲ್ಲ. ಚಿತ್ರದಲ್ಲಿ ಹುಲಿ ಒಂಟಿಯಾಗಿ, ಗಂಭೀರವಾಗಿ ನಿಂತಿರುತ್ತದೆ.

ಕರಪತ್ರದ ಹಿಂಬದಿ

ಕುಷ್ಟಗಿಯ ತಂದೆ ವ್ಯಾಪಾರಿ. ಮಾಲು ಕೊಳ್ಳುವ ಮೊದಲು ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡುವ ಅಭ್ಯಾಸ. ಕರಪತ್ರ ತಿರುವಿ, ಬಿಳಿಯ ಹಿಂಬದಿಯಲ್ಲಿ ಮಗಳ ಕೈಯಲ್ಲಿ ಒಂದೊಂದಾಗಿ ಪ್ರಶ್ನೆ ಬರೆಸಿದರು. ಆ ಪಟ್ಟಿ ಬೇರೆ ಪಾಲಕರಿಗೂ ಉಪಯೋಗಕ್ಕೆ ಬರುವಂಥದು.

ಮೊದಲನೆಯದು ಪರವಾನಗಿ. ಬಂಡೀಪುರ, ನಾಗರಹೊಳೆಯಂಥ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಖಾಸಗಿ ಕಾರಿನಲ್ಲಿ ಸಫಾರಿ ಹೋಗುವಂತಿಲ್ಲ. ಅರಣ್ಯ ಇಲಾಖೆಯ ಇಲ್ಲವೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನದಲ್ಲೇ ಹೋಗಬೇಕು. ಹಾಗಾದರೆ ಕರಪತ್ರದವರು ಯಾರ ವಾಹನದಲ್ಲಿ ಆಸನ ಕಾಯ್ದಿರಿಸುತ್ತಾರೆ? ಒಂದು ವಾಹನದಲ್ಲಿ ಎಷ್ಟು ಜನ? ಎಲ್ಲರಿಗೂ ಕಿಟಕಿ ಸಿಗುತ್ತದೆಯೇ?

ಎರಡನೆಯದು, ಹಣದಲ್ಲಿ ಏನೇನು ಸೇರಿದೆ? ಉದ್ದನೆಯ ಲೆನ್ಸಿನ ಕ್ಯಾಮೆರಾಕ್ಕೆ ಹಲವು ಕಡೆ ಪ್ರತ್ಯೇಕ ಶುಲ್ಕವಿರುತ್ತದೆ. ಪ್ರವೇಶ ಶುಲ್ಕ, ಮೈಸೂರಿನಿಂದ ಮುಂದಿನ ಪ್ರಯಾಣ, ಊಟ ಇವು ಒಳಗೋ ಹೊರಗೋ?

ಮೂರನೆಯದು, ಸಫಾರಿ ನಿಂತರೆ ಗತಿಯೇನು? ಇದು ಬರೀ ಅನುಮಾನದ ಪ್ರಶ್ನೆಯಲ್ಲ. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗಳಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಮುಂಗಡ ಕೊಟ್ಟವರ ಹಣ ಹಿಂದಿರುಗುತ್ತದೆಯೇ, ಎಷ್ಟು ದಿನದಲ್ಲಿ, ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹಣ ಕಟ್ಟುವ ದಿನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲೇ ವಿಚಾರಿಸಬೇಕು.

ನಾಲ್ಕನೆಯದು ಮಗುವಿನ ಸುರಕ್ಷತೆ. ಹದಿನೇಳು ಹದಿನೆಂಟು ವಯಸ್ಸಿನ ಹುಡುಗಿ ಹೋಗುತ್ತಾಳೆಂದರೆ ಗುಂಪಿನಲ್ಲಿ ಬೇರೆ ಮಹಿಳೆಯರಿದ್ದಾರೆಯೇ, ಕೋಣೆಯಲ್ಲಿ ಜೊತೆಗೆ ಯಾರು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಲು ಸಂಕೋಚ ಬೇಡ. ಮಲೆನಾಡಿನ ಕಡೆ ಹೋಗುವುದಾದರೆ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆಯೂ ಕೇಳಬೇಕು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಈ ರೋಗ ಹೆಚ್ಚುವುದು ಬೇಸಿಗೆಯ ತಿಂಗಳುಗಳಲ್ಲೇ, ಅಂದರೆ ಮಕ್ಕಳಿಗೆ ರಜೆ ಇರುವಾಗ.

ಐದನೆಯದು ಮಗಳೇ ಸೇರಿಸಿದ್ದು. ಪ್ರಾಣಿ ಕಾಣದಿದ್ದ ದಿನ ಏನು ಕಲಿಸುತ್ತೀರಿ? ಮುಸುವ ಕೂಗಿದ್ದೇಕೆ, ಕಡವೆ ಕಾಲು ಕುಟ್ಟಿದ್ದೇಕೆ, ಹೆಜ್ಜೆ ಗುರುತು ಎಂದಿನದು ಎಂದು ಹೇಳಬಲ್ಲವನೇ ಮಾರ್ಗದರ್ಶಿ. ವಾಹನ ನಿಲ್ಲಿಸಿ ‘ಹೊಡೀರಿ ಫೋಟೋ’ ಎನ್ನುವವನು ಕೇವಲ ಜೊತೆಗಾರ.

ಆರನೆಯದೇ ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಮುಖ್ಯವಾದದ್ದು. ಎಂಥ ಸಂದರ್ಭದಲ್ಲಿ ನೀವು ‘ಫೋಟೋ ಬೇಡ, ಹಿಂದೆ ಹೋಗೋಣ’ ಎನ್ನುತ್ತೀರಿ?

ಮರುದಿನ ತಂದೆ ಕರಪತ್ರದಲ್ಲಿದ್ದ ಸಂಖ್ಯೆಗೆ ಫೋನು ಮಾಡಿದರು. ಮೊದಲ ನಾಲ್ಕಕ್ಕೆ ಉತ್ತರ ಬಂತು, ಕೆಲವು ನೇರ, ಕೆಲವು ಸುತ್ತು ಬಳಸಿ. ಐದನೆಯದಕ್ಕೆ ‘ಕಾಣದೇ ಇರೋ ಪ್ರಶ್ನೇನೇ ಇಲ್ಲ ಸಾರ್’ ಎಂಬ ಮಾತು. ಆರನೆಯದಕ್ಕೆ ಅತ್ತ ಕಡೆಯಿಂದ ನಗು ಬಂತು. “ಫೋಟೋ ಬೇಡ ಅಂದ್ರೆ ನಮ್ಮ ಧಂದೆ ನಡೆಯುತ್ತಾ ಸಾರ್?”

ತಂದೆ ಫೋನು ಇಟ್ಟರು. ಮಗಳ ಮುಖ ಸಪ್ಪಗಾಯಿತು.

ಹೊಳೆಯಾಚೆಯ ಕರಡಿ

ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಪರಿಚಯದವರ ಮೂಲಕ ಹೊಸಪೇಟೆ ಕಡೆಯ ಒಬ್ಬ ಮಾರ್ಗದರ್ಶಿಯ ಸಂಪರ್ಕವಾಯಿತು. ಅದೇ ಆರು ಪ್ರಶ್ನೆ. ಆರನೆಯದಕ್ಕೆ ಆತ ತಡವರಿಸಲಿಲ್ಲ. “ಮರಿ ಇದ್ದಲ್ಲಿ ನಿಲ್ಲಂಗಿಲ್ಲ. ಗೂಡಿನ ಹತ್ರ ಹೋಗಂಗಿಲ್ಲ. ಪ್ರಾಣಿ ನಮ್ಮನ್ನ ನೋಡಿ ತನ್ನ ಕೆಲಸ ಬಿಟ್ಟಿತು ಅಂದ್ರ ನಾವು ತಪ್ಪು ಮಾಡೀವಿ ಅಂತ ಲೆಕ್ಕ. ಹುಲಿ ತೋರಸ್ತೀನಿ ಅಂತ ನಾ ಹೇಳಂಗಿಲ್ರಿ. ಮೊದಲ ಕರಡಿ ನೋಡ್ಲಿ ಹುಡುಗಿ, ದರೋಜಿಗೆ ಕರಕೊಂಡ ಬರ್ರಿ.”

ದರೋಜಿ ಕರಡಿಧಾಮ ತುಂಗಭದ್ರೆಯ ಆಚೆ, ಹಂಪಿಗೆ ಸಮೀಪದಲ್ಲಿದೆ. ಬಿಳಿಕಲ್ಲು ಮೀಸಲು ಅರಣ್ಯದಲ್ಲಿ 1994ರ ಅಕ್ಟೋಬರಿನಲ್ಲಿ ಸ್ಥಾಪನೆಯಾದ ಈ ಧಾಮಕ್ಕೆ 2009ರಲ್ಲಿ ಬುಕ್ಕಸಾಗರ ಅರಣ್ಯದ ಭಾಗವೂ ಸೇರಿ ಈಗ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್. ಹೆಬ್ಬಂಡೆಗಳ ರಾಶಿ, ಮುಳ್ಳುಪೊದೆ, ಬಂಡೆಗಳ ಸಂದಿನ ಗುಹೆ. ಕರಡಿಗೆ ಬೇಕಾದ ಮನೆ ಇದೇ. ಪಕ್ಕದ ಸಂಡೂರಿನವರಾದ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಮಂತ್ರಿಯಾಗಿದ್ದಷ್ಟೇ ಅಲ್ಲ, ಕಪ್ಪು-ಬಿಳುಪಿನ ವನ್ಯಜೀವಿ ಛಾಯಾಚಿತ್ರಗಳಿಗಾಗಿ ದೇಶದ ಹೊರಗೂ ಹೆಸರಾಗಿದ್ದರು. ಒಂದು ಸುರುಳಿಯಲ್ಲಿ 36 ಚಿತ್ರ ಮಾತ್ರ ತೆಗೆಯಬಹುದಾಗಿದ್ದ ಕಾಲದವರು ಅವರು. ಅಂದಿನವರು ಗುಂಡಿ ಒತ್ತುವ ಮೊದಲು ಯೋಚಿಸಲೇಬೇಕಿತ್ತು.

ಅಪ್ಪ ಮಗಳು ಬೆಳಿಗ್ಗೆ ಕುಷ್ಟಗಿಯಿಂದ ಬಸ್ಸಿನಲ್ಲಿ ಹೊರಟು ಹೊಸಪೇಟೆ ಸೇರಿದರು. ಹೊರಡುವ ಮುನ್ನ ತಂದೆ ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆಯ ತುಂಡಿನಿಂದ ಒಂದು ಚೀಲ ಹೊಲಿಸಿ ಅದಕ್ಕೆ ಎರಡು ಕಿಲೋ ಜೋಳ ತುಂಬಿಸಿದ್ದರು. ಇದು ಮಾರ್ಗದರ್ಶಿ ಹೇಳಿಕೊಟ್ಟ ಉಪಾಯ. ಉದ್ದ ಲೆನ್ಸು ಕೈಯ ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತದೆ. ವೀಕ್ಷಣಾ ಗೋಪುರದ ಕಟ್ಟೆಯ ಮೇಲೆ ಜೋಳದ ಚೀಲವಿಟ್ಟು ಅದರ ಮೇಲೆ ಲೆನ್ಸು ಕೂರಿಸಿದರೆ ಅಲುಗಾಟ ನಿಲ್ಲುತ್ತದೆ. ಸಾವಿರಾರು ರೂಪಾಯಿಯ ಮುಕ್ಕಾಲಿಯ ಕೆಲಸವನ್ನು ಜೋಳ ಮಾಡುತ್ತದೆ, ಮರಳಿ ಬಂದ ಮೇಲೆ ರೊಟ್ಟಿಯೂ ಆಗುತ್ತದೆ.

ಮೂರು ಮಿಲಿಮೀಟರಿನ ಕರಡಿ

ಗೋಪುರದ ಎದುರಿನ ಬಂಡೆಗುಡ್ಡದಿಂದ ಕರಡಿಗಳು ಇಳಿಯುವುದು ಮಧ್ಯಾಹ್ನದ ನಂತರ. ಬಿಸಿಲು ಬಾಗುವವರೆಗೆ ಬರೀ ನವಿಲು. ಸಂಜೆ ಐದರ ಹೊತ್ತಿಗೆ ಬಂಡೆಯ ನೆರಳಿನಿಂದ ಒಂದು ಕಪ್ಪು ಉಂಡೆ ಉರುಳಿದಂತೆ ಬಂತು. ಅದರ ಬೆನ್ನ ಮೇಲೆ ಇನ್ನೊಂದು ಸಣ್ಣ ಉಂಡೆ. ಕರಡಿ ಮರಿಗಳು ತಾಯಿಯ ಬೆನ್ನೇರಿ ಸವಾರಿ ಮಾಡುತ್ತವೆಂದು ಪುಸ್ತಕದಲ್ಲಿ ಓದಿದ್ದ ಹುಡುಗಿ ಉಸಿರು ಬಿಗಿಹಿಡಿದಳು. ಕ್ಯಾಮೆರಾ ಪಟಪಟನೆ ಸದ್ದು ಮಾಡಿತು. ಪರದೆಯಲ್ಲಿ ನೋಡಿದರೆ ಕರಡಿ ಬೆರಳಿನ ಉಗುರಿನಷ್ಟೂ ಇಲ್ಲ!

ನಿರಾಶೆ ಪಡಬೇಕಿಲ್ಲ, ಇದು ಹತ್ತನೆಯ ತರಗತಿಯ ಬೆಳಕಿನ ಪಾಠ. ದೂರದ ವಸ್ತುವಿನ ಬಿಂಬದ ಅಳತೆ ತಿಳಿಯಲು ವಸ್ತುವಿನ ಗಾತ್ರವನ್ನು ಲೆನ್ಸಿನ ನಾಭಿದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಬೇಕು. ಒಂದೂವರೆ ಮೀಟರ್ ಉದ್ದದ ಕರಡಿ 150 ಮೀಟರ್ ದೂರದಲ್ಲಿದೆ ಎಂದುಕೊಂಡರೆ, 300 ಮಿಲಿಮೀಟರ್ ಲೆನ್ಸಿನಲ್ಲಿ ಅದರ ಬಿಂಬ ಮೂರು ಮಿಲಿಮೀಟರ್. ಸಾಮಾನ್ಯ ಕ್ಯಾಮೆರಾದ ಒಳಗಿನ ಸಂವೇದಕ ಸುಮಾರು 24 ಮಿಲಿಮೀಟರ್ ಅಗಲ. ಅಂದರೆ ಚಿತ್ರದ ಅಗಲದಲ್ಲಿ ಕರಡಿಗೆ ಸಿಗುವುದು ಎಂಟನೆಯ ಒಂದು ಭಾಗ. 600 ಮಿಲಿಮೀಟರ್ ಲೆನ್ಸಿದ್ದರೆ ನಾಲ್ಕನೆಯ ಒಂದು ಭಾಗ. ಮೊಬೈಲಿನ ಲೆನ್ಸಿನ ನಿಜವಾದ ನಾಭಿದೂರ ಆರೇಳು ಮಿಲಿಮೀಟರ್ ಮಾತ್ರ, ಅದರಲ್ಲಿ ಕರಡಿಯ ಬಿಂಬ ಒಂದು ಕೂದಲೆಳೆಯಷ್ಟು ದಪ್ಪ.

ಚಿತ್ರದಲ್ಲಿ ಪ್ರಾಣಿಯನ್ನು ದೊಡ್ಡದು ಮಾಡಲು ಈ ಸೂತ್ರದಲ್ಲಿ ಎರಡೇ ದಾರಿ. ಒಂದು, ಲೆನ್ಸು ಉದ್ದವಾಗಬೇಕು, ಅದಕ್ಕೆ ಹಣ ಬೇಕು. ಇನ್ನೊಂದು, ದೂರ ಕಡಿಮೆಯಾಗಬೇಕು. ಎರಡನೆಯದು ಪುಕ್ಕಟೆ ಎಂದು ತೋರುತ್ತದೆ. ಕ್ಯಾಮೆರಾ ಹಿಡಿದವರು ಕಾಡಿನಲ್ಲಿ ಮಾಡುವ ತಪ್ಪುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಹತ್ತಿರ ಹೋದಾಗ ಬೆಲೆ ತೆರುವುದು ಪ್ರಾಣಿ. ಮರಿ ಇರುವ ಕರಡಿಯಾದರೆ ಮನುಷ್ಯನೂ ತೆರಬೇಕಾದೀತು.

ಮಾರ್ಗದರ್ಶಿ ದುರ್ಬೀನನ್ನು ಹುಡುಗಿಯ ಕೈಗಿತ್ತರು. ಎಂಟು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ 150 ಮೀಟರಿನ ಕರಡಿ ಹತ್ತೊಂಬತ್ತು ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಉದ್ದ ಮೂತಿ ಚಾಚಿ ಬಂಡೆ ನೆಕ್ಕುವುದು, ಮರಿಯನ್ನು ಪಕ್ಕಕ್ಕೆ ನೂಕುವುದು, ಎಲ್ಲವೂ ಸ್ಪಷ್ಟ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ. ಆ ಸಂದಿನಿಂದ ಗೆದ್ದಲನ್ನು ಗಾಳಿಯ ಜೊತೆ ಹೀರಿಕೊಳ್ಳುತ್ತದೆ ಎಂದು ಅವರು ಹೇಳಿದಾಗ ಹುಡುಗಿ ಕ್ಯಾಮೆರಾವನ್ನೇ ಮರೆತಿದ್ದಳು.

ಅವಳು ಒಂದು ಪ್ರಶ್ನೆಯನ್ನೂ ಕೇಳಿದಳು. “ಬಂಡಿ ಮ್ಯಾಲೆ ಏನ ನೆಕ್ಕತೈತ್ರಿ ಅದು?”

“ಬೆಲ್ಲದ ಪಾಕವ್ವಾ. ಇಲಾಖೆಯವರು ಮಧ್ಯಾಹ್ನ ಹಚ್ಚಿ ಹೋಗ್ತಾರ. ಜನ ನೋಡಲಿ ಅಂತ.”

“ಹಂಗಾರ ಇದು ಖರೇ ಕಾಡಿನ ಫೋಟೋ ಅಲ್ಲೇನ್ರಿ?”

“ಕರಡಿ ಖರೇ, ಕಾಡೂ ಖರೇ. ಬೆಲ್ಲನೂ ಖರೇ. ಫೋಟೋದ ಕೆಳಗ ಮೂರನ್ನೂ ಬರಿ. ಮುಚ್ಚಿಟ್ರ ಅಷ್ಟೇ ಸುಳ್ಳು.”

ಗೇಟು ಹಾರಿದ ತೋಳ

ಈ ಮಾತಿನ ತೂಕ ತಿಳಿಯಲು ಒಂದು ಪ್ರಸಿದ್ಧ ಪ್ರಸಂಗ ನೆನೆಯಬೇಕು. ಲಂಡನ್ನಿನ ‘ವರ್ಷದ ವನ್ಯಜೀವಿ ಛಾಯಾಗ್ರಾಹಕ’ ಸ್ಪರ್ಧೆ ಜಗತ್ತಿನಲ್ಲೇ ದೊಡ್ಡದು. 2009ರಲ್ಲಿ ಅದರ ಪ್ರಥಮ ಬಹುಮಾನ ಸ್ಪೇನಿನ ಹೋಸೆ ಲೂಯಿಸ್ ರೋಡ್ರಿಗಸ್ ಅವರಿಗೆ ಬಂತು. ರಾತ್ರಿಯ ಕತ್ತಲಲ್ಲಿ ದೊಡ್ಡಿಯ ಮರದ ಗೇಟನ್ನು ಜಿಗಿಯುತ್ತಿರುವ ತೋಳದ ಚಿತ್ರ ಅದು. ಅಜ್ಜಿಕಥೆಯ ತೋಳವೇ ಎದ್ದು ಬಂದಂತೆ ಇತ್ತು. ನೋಡಿದವರೆಲ್ಲ ಬೆರಗಾದರು. ಆಮೇಲೆ ಸಂದೇಹ ಎದ್ದಿತು. ಕಾಡಿನ ತೋಳವಾದರೆ ಗೇಟಿನ ಸಂದಿಯಲ್ಲಿ ನುಸುಳುತ್ತಿತ್ತಲ್ಲವೇ, ಇಷ್ಟು ಎತ್ತರ ಹಾರಿದ್ದೇಕೆ? ವಿಚಾರಣೆ ನಡೆಸಿದ ತೀರ್ಪುಗಾರರು, ಅದು ಪಳಗಿಸಿದ ತೋಳ ಇರುವ ಸಂಭವವೇ ಹೆಚ್ಚು ಎಂಬ ನಿರ್ಧಾರಕ್ಕೆ ಬಂದು 2010ರ ಜನವರಿಯಲ್ಲಿ ಚಿತ್ರವನ್ನು ಅನರ್ಹಗೊಳಿಸಿದರು. ಛಾಯಾಗ್ರಾಹಕರು ಆರೋಪವನ್ನು ಒಪ್ಪಲಿಲ್ಲ. ಬಹುಮಾನ ಮಾತ್ರ ಹೋಯಿತು.

ಚಿತ್ರ ಚೆನ್ನಾಗಿರಲಿಲ್ಲವೆಂದು ಯಾರೂ ಹೇಳಲಿಲ್ಲ. ವನ್ಯಜೀವಿ ಛಾಯಾಚಿತ್ರ ಒಂದು ಸಾಕ್ಷಿ. ವಿಜ್ಞಾನದ ಪ್ರಯೋಗದ ಅಂಕಿಗಳಂತೆ ಅದೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಪ್ರಯೋಗಶಾಲೆಯಲ್ಲಿ ಬೇಕಾದ ಉತ್ತರ ಬರುವಂತೆ ಅಂಕಿ ತಿದ್ದುವ ವಿದ್ಯಾರ್ಥಿಗೂ, ಬೇಕಾದ ಚಿತ್ರಕ್ಕಾಗಿ ಪ್ರಾಣಿಯನ್ನು ಕುಣಿಸುವ ಛಾಯಾಗ್ರಾಹಕನಿಗೂ ವ್ಯತ್ಯಾಸವಿಲ್ಲ.

ಬಾಗಿಲಲ್ಲೇ ಇರುವ ಸಿರಿ

ಸ್ಪೇನಿನ ತೋಳದ ಮಾತು ಕೊಪ್ಪಳ ಜಿಲ್ಲೆಯವರಿಗೆ ದೂರದ್ದಲ್ಲ. ಈ ಜಿಲ್ಲೆ ತೋಳಗಳ ನಾಡು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಸುಮಾರು 332 ಹೆಕ್ಟೇರಿನ ವನ್ಯಜೀವಿ ಧಾಮವಿದೆ. 2025ರ ಮಾರ್ಚಿನಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರವೆಂದು ತಜ್ಞರ ಅಂದಾಜು. ಅಂದರೆ ಹುಲಿಗಿಂತಲೂ ಕಡಿಮೆ! ಇಪ್ಪತ್ತೆರಡು ಸಾವಿರ ಕೊಟ್ಟು ನೋಡಲು ಹೋಗುವ ಪ್ರಾಣಿಗಿಂತ ಅಪರೂಪದ್ದು ಮನೆಯ ಹಿಂದಿನ ಹೊಲದ ಬದುವಿನಲ್ಲಿ ಓಡಾಡುತ್ತಿದೆ.

ತೋಳ ಒಂದೇ ಅಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದದ ಹೊಳೆಯ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಗಳಿಗೆಂದೇ ಇಂಥ ಮೀಸಲು ಪ್ರದೇಶ ದೇಶದಲ್ಲಿ ಅದೇ ಮೊದಲು. ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಚಿಗರಿಗಳ ಹಿಂಡು ಕಾಣುತ್ತದೆ. ಬೆಳೆ ಮೇಯುತ್ತವೆಂದು ರೈತರು ಬೇಸತ್ತಿದ್ದಾರೆ ಎಂಬುದನ್ನೂ ಮರೆಯುವಂತಿಲ್ಲ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಆ ಕೆರೆಯೂ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಪಕ್ಷಿಧಾಮವೂ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿ ಸೇರಿದವು. ಇವೆಲ್ಲ ಬಸ್ಸಿನ ಖರ್ಚಿನಲ್ಲಿ ನೋಡಬಹುದಾದವು.

ಆದರೆ ಹತ್ತಿರವಿದೆ ಎಂಬುದೇ ಇನ್ನೊಂದು ಅಪಾಯ. ದರೋಜಿಯಿಂದ ಬಂದ ವಾರದೊಳಗೆ ಕುಷ್ಟಗಿಯ ಹುಡುಗಿಗೆ ಒಬ್ಬ ಪರಿಚಿತನ ಫೋನು ಬಂತು. “ತ್ವಾಳದ ಗವಿ ಗೊತ್ತೈತಿ. ಮರಿ ಹೊರಗ ಬಂದು ಆಡ್ತಾವ. ಐನೂರು ರೂಪಾಯಿ ಕೊಡು, ಹತ್ತು ಮಾರು ದೂರದಾಗ ಕುಂದರಸ್ತೀನಿ.”

ಹತ್ತು ಮಾರು ಎಂದರೆ ಇಪ್ಪತ್ತು ಮೀಟರಿಗೂ ಕಡಿಮೆ. ಅವಳ 300 ಮಿಲಿಮೀಟರ್ ಲೆನ್ಸಿಗೆ ಚೌಕಟ್ಟು ತುಂಬುವ ಚಿತ್ರ. ಕಾಲೇಜಿನಲ್ಲಿ ಯಾರ ಬಳಿಯೂ ಇಲ್ಲದ ಚಿತ್ರ. ಇಡೀ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೊಸಪೇಟೆಯ ಮಾರ್ಗದರ್ಶಿಗೆ ಫೋನು ಮಾಡಿ ಕೇಳಿದಳು.

ಆತ ಬೈಯಲಿಲ್ಲ, ವಿವರಿಸಿದರು. ನಮ್ಮ ತೋಳಗಳು ಸಾಮಾನ್ಯವಾಗಿ ಮರಿ ಹಾಕುವುದು ಚಳಿಗಾಲದಲ್ಲಿ. ಹುಟ್ಟಿದಾಗ ಮರಿಗಳ ಕಣ್ಣು ಮುಚ್ಚಿರುತ್ತವೆ, ಅವು ಗುಹೆ ಬಿಟ್ಟು ದೊಡ್ಡವುಗಳ ಜೊತೆ ಹೋಗಲು ತಿಂಗಳುಗಳು ಬೇಕು. ಮನುಷ್ಯನ ವಾಸನೆ ಬಿದ್ದರೆ ತಾಯಿ ಒಂದೊಂದಾಗಿ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆಡೆ ಸಾಗಿಸುತ್ತದೆ. ಆ ಓಡಾಟದಲ್ಲಿ ಹಾದಿಯ ನಾಯಿ, ಬಿಸಿಲು, ವಾಹನ ಯಾವುದಕ್ಕಾದರೂ ಮರಿ ಬಲಿಯಾಗಬಹುದು. ಇನ್ನೂ ದೊಡ್ಡ ಅಪಾಯ ಚಿತ್ರ ತೆಗೆದ ನಂತರದ್ದು. ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಹಲವು ಮೊಬೈಲುಗಳು ಚಿತ್ರದ ಒಳಗೇ ತೆಗೆದ ಜಾಗದ ಅಕ್ಷಾಂಶ ರೇಖಾಂಶವನ್ನು ಗುಟ್ಟಾಗಿ ಬರೆದಿಡುತ್ತವೆ. ನಾಳೆ ಇಪ್ಪತ್ತು ಕ್ಯಾಮೆರಾ ಬರುತ್ತವೆ. ನಾಡಿದ್ದು, ಕುರಿ ಕಳೆದುಕೊಂಡು ಸಿಟ್ಟಾದ ಯಾರೋ ಒಬ್ಬ ಗವಿಯ ಬಾಯಿಗೆ ಹೊಗೆ ಹಾಕಲು ಬರುತ್ತಾನೆ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಮೊದಲನೆಯ ಅನುಸೂಚಿಯ ಪ್ರಾಣಿ, ಹುಲಿಗಿರುವ ರಕ್ಷಣೆಯೇ ಅದಕ್ಕೂ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದೇ ಅಪರಾಧ. ಆದರೆ ಕಾನೂನಿನ ಕೈಗೆ ಸಿಗದ ಜಾಗವೇ ಹೆಚ್ಚು. ಒಂದು ತೋಳದ ಗುಂಪು ಓಡಾಡುವ ಪ್ರದೇಶ ನೂರು ಚದರ ಕಿಲೋಮೀಟರಿಗೂ ಮಿಕ್ಕಿ. ಬಂಕಾಪುರ ಧಾಮ ಬರೀ ಮೂರು ಚಿಲ್ಲರೆ ಚದರ ಕಿಲೋಮೀಟರ್. ತೋಳದ ಬದುಕಿನ ಬಹುಪಾಲು ಕಳೆಯುವುದು ಗೋಮಾಳದಲ್ಲಿ, ಹೊಲದ ಬದುವಿನಲ್ಲಿ, ಕುರುಬರ ಕಣ್ಣೆದುರಿಗೆ. ಅಲ್ಲಿ ಅದಕ್ಕೆ ಕಾವಲು ಅಲ್ಲಿಯ ಜನರ ವಿವೇಕ ಮಾತ್ರ.

ಹುಡುಗಿ ಪರಿಚಿತನಿಗೆ ಬರುವುದಿಲ್ಲವೆಂದು ಹೇಳಿದಳು. ಗವಿಯ ವಿಷಯವನ್ನು ತಂದೆ ಅರಣ್ಯ ಇಲಾಖೆಯವರ ಗಮನಕ್ಕೆ ತಂದರು.

ನಾಲ್ಕೂವರೆಯಿಂದ ಏಳರವರೆಗೆ

ಏಪ್ರಿಲ್ ಕೊನೆಯ ವಾರ ಮಾರ್ಗದರ್ಶಿಯೇ ಯಲಬುರ್ಗಾ ಕಡೆ ಬಂದಿದ್ದರು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಹಿರಿಯ ಕುರುಬರ ಪರಿಚಯ ಅವರಿಗಿತ್ತು. ಅಪ್ಪ ಮಗಳನ್ನು ಅಲ್ಲಿಗೆ ಕರೆದೊಯ್ದರು. ಸಫಾರಿಯ ವಾಹನವಿಲ್ಲ, ಹಸಿರು ಟೋಪಿಯಿಲ್ಲ. ಬದುವಿನ ಜಾಲಿ ನೆರಳಲ್ಲಿ, ಗಾಳಿ ಎದುರಿನಿಂದ ಬೀಸುವಂತೆ ನೋಡಿಕೊಂಡು ಮೂವರೂ ನೆಲದ ಮೇಲೆ ಕುಳಿತರು.

“ಕಾಕಾ, ತ್ವಾಳ ಕುರಿ ಹಿಡದ್ರ ನಿಮಗ ಸಿಟ್ಟು ಬರಂಗಿಲ್ಲೇನು?” ಹುಡುಗಿ ಕೇಳಿದಳು.

“ಬರ್ತೈತಿ ತಂಗಿ. ಹೋದ ವರ್ಷ ಎರಡು ಮರಿ ಒಯ್ತು. ಸಿಟ್ಟು ನಂದು. ಹಸಿವು ಅದರದು.” ಕುರುಬರು ಮುಂದೆ ಮಾತಾಡಲಿಲ್ಲ. ಎದ್ದು ನಾಯಿಗಳನ್ನು ಹಿಂಡಿನ ಬಳಿಗೆ ಕರೆದುಕೊಂಡು ಹೋದರು.

ಆರೂ ಕಾಲಿನ ಹೊತ್ತಿಗೆ ದೂರದ ದಿನ್ನೆಯ ಮೇಲೆ ಒಣಹುಲ್ಲಿನ ಬಣ್ಣದ್ದೇ ಆದ ಒಂದು ಆಕೃತಿ ಎದ್ದು ನಿಂತಿತು. ಇನ್ನೂರು ಮೀಟರಿಗೂ ಹೆಚ್ಚು ದೂರ. ಕಿವಿ ನೆಟ್ಟಗೆ, ಕಾಲು ಉದ್ದ. ಹಿಂಡಿನ ಕಡೆ ನೋಡಿತು, ನಾಯಿಗಳ ಕಡೆ ನೋಡಿತು. ಜಾಲಿ ಗಿಡದ ಕೆಳಗಿನ ಮೂವರನ್ನು ಅದು ಗಮನಿಸಲೇ ಇಲ್ಲ. ನಿಧಾನಕ್ಕೆ ತನ್ನ ದಾರಿ ಹಿಡಿದು ದಿನ್ನೆಯ ಆಚೆ ಇಳಿಯಿತು. ಎಲ್ಲ ಸೇರಿ ಎರಡು ನಿಮಿಷ.

ಹುಡುಗಿ ತೆಗೆದ ಚಿತ್ರ ನಾಲ್ಕು. ಮೂರು ಮಸುಕು. ನಾಲ್ಕನೆಯದರಲ್ಲಿ ಆಕಾಶ ದೊಡ್ಡದಾಗಿದೆ, ದಿನ್ನೆ ಉದ್ದವಾಗಿದೆ, ಒಂದು ಮೂಲೆಯಲ್ಲಿ ಕುರಿಹಿಂಡಿದೆ, ನಡುವೆ ಒಂದು ಕಡ್ಡಿಯಷ್ಟು ತೋಳ. ತಂದೆ ಬಹಳ ಹೊತ್ತು ನೋಡಿ, “ಎಲ್ಲೈತವ್ವಾ?” ಎಂದು ಕೇಳಿದರು. ಮಗಳು ಬೆರಳಿಟ್ಟು ತೋರಿಸಿದಳು. ತೋರಿಸಿದ ಮೇಲೆ ಅವರಿಗೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ದಕ್ಷಿಣದ ಕಾಡಿಗೆ ಹೋಗುವ ಆಸೆಯನ್ನು ಅವಳು ಬಿಟ್ಟಿಲ್ಲ. ಬರುವ ವರ್ಷ ಇದೇ ಮಾರ್ಗದರ್ಶಿಯ ಜೊತೆ, ಅರಣ್ಯ ಇಲಾಖೆಯ ವಾಹನದಲ್ಲಿ, ಅಪ್ಪ ಒಪ್ಪಿದ ಖರ್ಚಿನಲ್ಲಿ ಹೋಗುವುದೆಂದು ತೀರ್ಮಾನವಾಗಿದೆ. ಆರು ಪ್ರಶ್ನೆ ಬರೆದ ಕರಪತ್ರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಮಡಚಿಟ್ಟಿದೆ. ಇಬ್ಬರು ಗೆಳೆಯರು ತಮ್ಮ ಮಕ್ಕಳಿಗೆಂದು ಅದರ ನಕಲು ಮಾಡಿಸಿಕೊಂಡು ಹೋಗಿದ್ದಾರೆ.

ಆ ರಾತ್ರಿ ಅವಳು ನೋಟ್‌ಬುಕ್ ತೆಗೆದು ಮನೆಗೆಲಸದಷ್ಟೇ ಶ್ರದ್ಧೆಯಿಂದ ಗೆರೆ ಹಾಕಿ ತುಂಬಿದಳು. ಕುಳಿತ ಸಮಯ: ನಾಲ್ಕೂವರೆಯಿಂದ ಏಳರವರೆಗೆ. ಗಾಳಿ: ಪಶ್ಚಿಮದಿಂದ. ಪ್ರಾಣಿ: ತೋಳ, ಒಂದು. ದೂರ: 200 ಮೀಟರಿಗೂ ಹೆಚ್ಚು. ಏನು ಮಾಡುತ್ತಿತ್ತು: ನೋಡಿತು, ನಡೆದುಹೋಯಿತು. ನಮ್ಮನ್ನು ನೋಡಿತೇ: ಇಲ್ಲ.

ಸ್ಥಳ ಎಂಬ ಕಲಮನ್ನು ಮಾತ್ರ ಖಾಲಿ ಬಿಟ್ಟಳು.